ಒಂದೇ ಕಾರ್ಡು, ಎರಡು ನೆಟ್‌ವರ್ಕ್: ಆಯ್ಕೆ ಯಾರದ್ದು? (ಪ್ರಶ್ನೋತ್ತರ)

ಅಡ್ಮಿನ್: ಯುರೋಪಿನ ಅಂಗಡಿಗಳಿಗೆ ಚೆಕೌಟ್ ಪುಟ ಮಾಡುವವರಿಗಾಗಿ ಈ ವಾರದ ಪ್ರಶ್ನೋತ್ತರ. ಎರಡು ನೆಟ್‌ವರ್ಕ್ ಇರುವ ಕಾರ್ಡಿನಲ್ಲಿ ಹಣ ಯಾವ ದಾರಿಯಲ್ಲಿ ಹೋಗಬೇಕು ಅಂತ ಗ್ರಾಹಕರೇ ಆರಿಸುವ ವಿಷಯ. ಪೇಮೆಂಟ್ ಇಂಟಿಗ್ರೇಷನ್ ಕೆಲಸದಲ್ಲೇ ಇರುವ ನಮ್ಮ ಮೇಡಂ ಉತ್ತರಿಸುತ್ತಾರೆ.

ಹೊಸಕೋಡರ್: ನಮಸ್ಕಾರ ಮೇಡಂ. ಎರಡು ನೆಟ್‌ವರ್ಕ್ ಅಂದರೇನು? ಆರಿಸಲು ಬಿಡಲೇಬೇಕಾ?

ಮೇಡಂ: ನಮಸ್ಕಾರ. ಫ್ರಾನ್ಸಿನ ಕಾರ್ಡುಗಳ ಮೇಲೆ ಸಾಮಾನ್ಯವಾಗಿ ಆ ದೇಶದ್ದೇ ನೆಟ್‌ವರ್ಕ್ ಆದ ಸಿಬಿ, ಅಂದರೆ ಕಾರ್ತ್ ಬಾಂಕೇರ್ ಗುರುತು ಇರುತ್ತದೆ. ಜೊತೆಗೆ ವೀಸಾ ಅಥವಾ ಮಾಸ್ಟರ್‌ಕಾರ್ಡ್. ಡೆನ್ಮಾರ್ಕಿನಲ್ಲಿ ಡಾನ್‌ಕಾರ್ಟ್, ಬೆಲ್ಜಿಯಂನಲ್ಲಿ ಬ್ಯಾನ್‌ಕಾಂಟ್ಯಾಕ್ಟ್ ಹೀಗೇ ಜೋಡಿಯಾಗಿ ಬರುತ್ತವೆ. ಯುರೋಪಿಯನ್ ಒಕ್ಕೂಟದ 2015/751 ನಿಯಮದ 8ನೇ ವಿಧಿ ಓದಿ. ಅಂಗಡಿಯವರು ತಮಗೆ ಬೇಕಾದ ನೆಟ್‌ವರ್ಕನ್ನು ಮೊದಲೇ ಟಿಕ್ ಮಾಡಿಡಬಹುದು. ಆದರೆ ಅಂಗಡಿ ಎರಡನ್ನೂ ತೆಗೆದುಕೊಳ್ಳುತ್ತಿದ್ದರೆ, ಗ್ರಾಹಕರು ಅದನ್ನು ಬದಲಿಸದಂತೆ ತಡೆಯುವ ಹಾಗಿಲ್ಲ. 2016ರ ಜೂನ್‌ನಿಂದ ಇದೇ ನಿಯಮ.

ಪಟಪಟ: ಮೇಡಂ, ವೀಸಾ ಮೊದಲೇ ಟಿಕ್ ಆಗಿದ್ದರೆ ತಪ್ಪಾ?

ಮೇಡಂ: ತಪ್ಪಲ್ಲ. ಬದಲಿಸಲು ಆಗಬೇಕು, ಅಷ್ಟೇ.

ರಾತ್ರಿಪಾಳಿ: ಮೇಡಂ, ಒಂದು ತಲೆನೋವು. ಗ್ರಾಹಕರು ಸಿಬಿ ಆರಿಸುತ್ತಾರೆ. ಬ್ಯಾಂಕಿನ ದೃಢೀಕರಣ ಸರಿಯಾಗಿ ಮುಗಿಯುತ್ತದೆ. ಆಮೇಲೆ ಕೆಲವರ ಪಾವತಿ ಫೇಲ್ ಆಗುತ್ತದೆ. ಲಾಗ್ ನೋಡಿದರೆ ಕೊನೆಯ ರಿಕ್ವೆಸ್ಟ್ ವೀಸಾದಲ್ಲಿ ಹೋಗಿದೆ. ಸ್ಕ್ರೀನ್ ಮೇಲೆ ಮಾತ್ರ ಸಿಬಿ ಅಂತಲೇ ಇದೆ.

ಮೇಡಂ: ಇದನ್ನು ದಯವಿಟ್ಟು ಎಲ್ಲರೂ ಓದಿ. ಸಿಬಿಗೆ ತನ್ನದೇ 3ಡಿ ಸೆಕ್ಯೂರ್, ಅಂದರೆ ಆನ್‌ಲೈನ್ ಪಾವತಿಯಲ್ಲಿ ಕಾರ್ಡುದಾರರನ್ನು ದೃಢೀಕರಿಸುವ ವ್ಯವಸ್ಥೆ ಇದೆ. ಅಲ್ಲಿ ಸಿಕ್ಕ ದೃಢೀಕರಣವನ್ನು ವೀಸಾ ದಾರಿಯಲ್ಲಿ ಕಳಿಸಿದರೆ ಬ್ಯಾಂಕ್ ತಿರಸ್ಕರಿಸುವುದು ಸಹಜ. ಆದ್ದರಿಂದ ನೆಟ್‌ವರ್ಕ್ ತೀರ್ಮಾನ ದೃಢೀಕರಣಕ್ಕೆ ಮುಂಚೆಯೇ ಆಗಬೇಕು. ಆಮೇಲೆ ಅಲುಗಾಡಬಾರದು.

ನನಗೆ ಎರಡು ಕಡೆ ಅನುಮಾನ. ಒಂದು, ನಿಮ್ಮ ಮರುಪ್ರಯತ್ನದ ಕೋಡ್. ದೃಢೀಕರಣ ಮುಗಿದ ಮೇಲೆ ಅದು ಹೊಸ ರಿಕ್ವೆಸ್ಟ್ ಕಟ್ಟುತ್ತಿರಬೇಕು. ಮೊತ್ತ, ಕಾರ್ಡ್ ಟೋಕನ್ (ಕಾರ್ಡ್ ನಂಬರಿನ ಬದಲಿ ಸಂಕೇತ), ಆರ್ಡರ್ ನಂಬರ್ ಎಲ್ಲ ಹಾಕುತ್ತದೆ, ನೆಟ್‌ವರ್ಕ್ ಫೀಲ್ಡ್ ಮಾತ್ರ ಖಾಲಿ. ಖಾಲಿ ಬಂದರೆ ಗೇಟ್‌ವೇ, ಅಂದರೆ ಪಾವತಿಯನ್ನು ಮುಂದೆ ದಾಟಿಸುವ ಸೇವೆ, ತನ್ನ ಡೀಫಾಲ್ಟ್ (ಮೊದಲೇ ಗೊತ್ತುಮಾಡಿಟ್ಟ) ನೆಟ್‌ವರ್ಕ್ ಹಿಡಿಯುತ್ತದೆ. ಎರಡು, ಕಾರ್ಡ್ ನಂಬರಿನ ಕಾಲಂ. ಮೊದಲ 8 ಅಂಕಿ ಬಿದ್ದಾಗ ನೀವು ನೆಟ್‌ವರ್ಕ್ ಪತ್ತೆ ಮಾಡುತ್ತೀರಿ, ಅಲ್ವಾ? ಗ್ರಾಹಕರು ಆರಿಸಿದ ಮೇಲೆ ಕೊನೆಯ ಅಂಕಿ ತಿದ್ದಿದರೂ ಅದೇ ಕೋಡ್ ಮತ್ತೆ ಓಡಿ ಡೀಫಾಲ್ಟ್ ಕೂರಿಸಬಹುದು. ನೀವೇ ಟೈಪ್ ಮಾಡಿ, ಸಿಬಿ ಆರಿಸಿ, ಒಂದು ಅಂಕಿ ಅಳಿಸಿ ಮತ್ತೆ ಹಾಕಿ ನೋಡಿ.

ಲಾಗ್‌ನಲ್ಲಿ ಮೂರು ಕಾಲಂ ಅಕ್ಕಪಕ್ಕ ಇಡಿ: ಗ್ರಾಹಕರು ಆರಿಸಿದ್ದು, ದೃಢೀಕರಣ ಆಗಿದ್ದು, ಹಣ ಹೋಗಿದ್ದು. ಮೂರೂ ಒಂದೇ ಇರಬೇಕು. ಫೇಲ್ ಆದವರು ಹೇಗೂ ದೂರು ಕೊಡುತ್ತಾರೆ. ನನಗೆ ಚಿಂತೆ ಇರುವುದು ಫೇಲ್ ಆಗದವರದ್ದು. ದೃಢೀಕರಣವೇ ಬೇಡದ ಸಣ್ಣ ಪಾವತಿಯಲ್ಲಿ ಸಿಬಿ ಆರಿಸಿದವರ ಹಣ ಸದ್ದಿಲ್ಲದೆ ವೀಸಾದಲ್ಲಿ ಹೋಗಿದ್ದರೆ ಅವರಿಗೆ ಗೊತ್ತೇ ಆಗುವುದಿಲ್ಲ. ಅದು ಅವರ ಆಯ್ಕೆಯನ್ನು ತಳ್ಳಿಹಾಕಿದ ಹಾಗೆ.

ಚಂದಾಬಾಕ್ಸ್: ತಿಂಗಳ ಚಂದಾಕ್ಕೆ ಉಳಿಸಿಟ್ಟ ಕಾರ್ಡ್?

ಮೇಡಂ: ಕಾರ್ಡಿನ ಜೊತೆ ಆರಿಸಿದ ನೆಟ್‌ವರ್ಕನ್ನೂ ಉಳಿಸಿ. ಮುಂದಿನ ತಿಂಗಳ ಪಾವತಿಗಳೂ ಅದರಲ್ಲೇ ಹೋಗಲಿ. ರೀಫಂಡ್ ಕೂಡ ಹಣ ಬಂದ ದಾರಿಯಲ್ಲೇ.

ಒಳ್ಳೆಸುದ್ದಿ: ಬೇರೆ ಗುಂಪಿನಲ್ಲಿ ಬಂದಿದ್ದು, ಉಪಯೋಗ ಆಗಬಹುದು: "ಆಯ್ಕೆಯ ಬಟನ್ ಅಡಗಿಸಿ. ನಿಯಮ-ಷರತ್ತು ಪುಟದಲ್ಲಿ 'ನೆಟ್‌ವರ್ಕ್ ಅಂಗಡಿಯ ಇಷ್ಟ' ಅಂತ ಒಂದು ಸಾಲು ಸೇರಿಸಿ. ಕಾನೂನಿನ ಕಾಟ ಇಲ್ಲ."

ಮೇಡಂ: ಇದನ್ನು ಯಾರೂ ಮಾಡಬೇಡಿ. ಷರತ್ತಿನ ಒಂದು ಸಾಲಿನಿಂದ ಗ್ರಾಹಕರ ಹಕ್ಕು ಅಳಿಸಿಹೋಗುವುದಿಲ್ಲ. ನಿಮ್ಮ ಮಾತು ಕೇಳಿ ಅಂಗಡಿಯವರು ಸಿಕ್ಕಿಬೀಳುತ್ತಾರೆ. ಯಾರು ಬರೆದರೋ ಗೊತ್ತಿಲ್ಲದ್ದನ್ನು ಇಲ್ಲಿ ತಂದು ಹಾಕಬೇಡಿ.

ಸರಳಪುಟ: ಅವರು ಹೇಳಿದ್ದರಲ್ಲಿ ಸ್ವಲ್ಪ ಅರ್ಥ ಇದೆ. ಕೊಳ್ಳುವವರಿಗೆ ನೆಟ್‌ವರ್ಕ್ ಯಾವುದಾದರೇನು? ಒಂದು ಕ್ಲಿಕ್ ಜಾಸ್ತಿ ಆದರೆ ಕಾರ್ಟ್ ಬಿಟ್ಟು ಹೋಗುತ್ತಾರೆ.

ಗ್ರಾಹಕಪರ: ಜಾಸ್ತಿ ಕ್ಲಿಕ್ ಎಲ್ಲಿದೆ? ಕಾರ್ಡ್ ಕಾಲಂನ ತುದಿಯಲ್ಲಿ ಎರಡು ಲೋಗೋ. ಬೇಕಾದವರು ಒತ್ತುತ್ತಾರೆ, ಬೇಡದವರು ಮುಂದೆ ಹೋಗುತ್ತಾರೆ.

ಸರಳಪುಟ: ಇಂಟರ್‌ಚೇಂಜ್, ಅಂದರೆ ಅಂಗಡಿಯ ಬ್ಯಾಂಕು ಕಾರ್ಡ್ ಕೊಟ್ಟ ಬ್ಯಾಂಕಿಗೆ ಕೊಡುವ ಶುಲ್ಕ, ಅದರ ಮಿತಿ ಎಲ್ಲರಿಗೂ ಒಂದೇ. ಡೆಬಿಟ್ ಶೇ. 0.2, ಕ್ರೆಡಿಟ್ ಶೇ. 0.3. ಮತ್ತೆ ಯಾಕೆ ಈ ಗಲಾಟೆ?

ಮೇಡಂ: ಇಂಟರ್‌ಚೇಂಜ್ ಒಂದೇ ಖರ್ಚಲ್ಲ. ನೆಟ್‌ವರ್ಕ್ ತೆಗೆದುಕೊಳ್ಳುವ ಶುಲ್ಕ ಬೇರೆ ಬೇರೆ. ಅದಕ್ಕೇ ಅಂಗಡಿಗೂ ತನ್ನ ಇಷ್ಟ ಇರುತ್ತದೆ.

ಊರುಕೇರಿ: ನಮ್ಮ ರಿಸರ್ವ್ ಬ್ಯಾಂಕ್ ಕೂಡ 2024ರ ಸೆಪ್ಟೆಂಬರ್ 6ರಿಂದ ಇದೇ ಆಯ್ಕೆ ಕೊಟ್ಟಿದೆ. ಯುರೋಪ್ ಏನು ದೊಡ್ಡದು?

ಗ್ರಾಹಕಪರ: ಅದು ಬೇರೆ ರೀ. ಕ್ರೆಡಿಟ್ ಕಾರ್ಡ್ ಕೊಡುವಾಗ ಯಾವ ನೆಟ್‌ವರ್ಕಿನದು ಬೇಕು ಅಂತ ಕೇಳುವುದು. ಇದು ಪಾವತಿಯ ಹೊತ್ತಿನ ಆಯ್ಕೆ.

ಊರುಕೇರಿ: ಆಯ್ಕೆ ಆಯ್ಕೆನೇ. ನೀವೊಬ್ಬರೇ ಓದಿದವರಾ?

ಗ್ರಾಹಕಪರ: ಸುತ್ತೋಲೆ ಓದಿ ಬನ್ನಿ, ಆಮೇಲೆ ಮಾತಾಡೋಣ.

ಡೇನಿಶ್_ಪ್ರಾಜೆಕ್ಟ್: ಮೇಡಂ, ಡಾನ್‌ಕಾರ್ಟ್ ಇರುವ ಕಾರ್ಡನ್ನು ಮೊಬೈಲ್ ವ್ಯಾಲೆಟ್‌ಗೆ ಸೇರಿಸಿದ್ದರೆ ಆಯ್ಕೆಯನ್ನು ಎಲ್ಲಿ ತೋರಿಸಬೇಕು?

ಸರಳಪುಟ: ಊರುಕೇರಿ ಹೇಳಿದ್ದರಲ್ಲಿ ತಪ್ಪೇನಿದೆ? ಇಲ್ಲಿ ಯಾರು ಬಾಯಿಬಿಟ್ಟರೂ ಪಾಠ ಮಾಡುತ್ತೀರಿ.

ಅಡ್ಮಿನ್: ಜಗಳ ಸಾಕು. ವಿಷಯಕ್ಕೆ ಬನ್ನಿ.

ಲಾಭನಷ್ಟ: ವೀಸಾ ಆರಿಸಿದವರ ಬಿಲ್ಲಿಗೆ 1 ಯೂರೋ ಸೇರಿಸಬಹುದಾ?

ಮೇಡಂ: ಇಲ್ಲ. ಇಂಟರ್‌ಚೇಂಜ್ ಮಿತಿಗೆ ಒಳಪಟ್ಟ ಗ್ರಾಹಕರ ಕಾರ್ಡುಗಳಿಗೆ ಹೆಚ್ಚುವರಿ ಶುಲ್ಕ ಹಾಕುವುದನ್ನು ಒಕ್ಕೂಟದ ಪಾವತಿ ಕಾನೂನು ನಿಷೇಧಿಸಿದೆ.

ನಿಧಾನಿ: ಈಗಷ್ಟೇ ಬಂದೆ. ಒಂದನ್ನು ಡೀಫಾಲ್ಟ್ ಇಡಬಹುದಾ?

ಮೇಡಂ: ಮೇಲೆ ಉತ್ತರ ಇದೆ.

ಒಳ್ಳೆಸುದ್ದಿ: ಇನ್ನೊಂದು ಬಂದಿದೆ: "ಸಿಬಿ ಲೋಗೋವನ್ನು ಬೂದು ಬಣ್ಣ ಮಾಡಿದರೆ ಯಾರೂ ಒತ್ತುವುದಿಲ್ಲ..."

ಮೇಡಂ: ಒತ್ತಲು ಆಗುವ ಬಟನ್ನನ್ನು ಆಗದ ಹಾಗೆ ಕಾಣಿಸುವುದು ಮೋಸ. ಅಡ್ಮಿನ್, ಇವರ ಫಾರ್ವರ್ಡ್ ನಿಲ್ಲಿಸಿ, ಇಲ್ಲವಾದರೆ ನಾನು ಬರೆಯುವುದು ನಿಲ್ಲಿಸುತ್ತೇನೆ.

ರಾತ್ರಿಪಾಳಿ: ಮೇಡಂ, ಸಿಕ್ಕಿತು. ಮರುಪ್ರಯತ್ನದ ರಿಕ್ವೆಸ್ಟಿನಲ್ಲಿ ನೆಟ್‌ವರ್ಕ್ ಫೀಲ್ಡೇ ಇಲ್ಲ. ಫೇಲ್ ಆಗದವರಲ್ಲೂ ಕೆಲವು ಸಾಲು ಹೊಂದುತ್ತಿಲ್ಲ.

ಮೇಡಂ: ಇವತ್ತೇ ಸರಿಮಾಡಿ. ಹೊಂದದ ಸಾಲುಗಳ ಪಟ್ಟಿಯನ್ನು ಅಂಗಡಿಯವರಿಗೆ ಬರಹದಲ್ಲಿ ಕೊಡಿ, ಫೋನಿನಲ್ಲಿ ಹೇಳಿ ಬಿಡಬೇಡಿ. ನಂಬರ್ ತಿದ್ದುವ ಪರೀಕ್ಷೆಯನ್ನೂ ಮಾಡಿ. ಅದರ ಬಗ್ಗೆ ನೀವು ಏನೂ ಹೇಳಲಿಲ್ಲ.

ಪಟಪಟ: ವೀಸಾ ಬದಲು ಮಾಸ್ಟರ್‌ಕಾರ್ಡ್ ಮೊದಲೇ ಟಿಕ್ ಆಗಿದ್ದರೆ?

ಗ್ರಾಹಕಪರ: ಅಯ್ಯೋ, ಮೇಲೆ ಓದಿ ಮಾರಾಯ್ರೇ.