ದೊಡ್ಡ ಫ್ಯುಯೆಲ್ ಪಂಪ್ ಹಾಕಿದ ಮೇಲೂ ಲೀನ್ (ಗಾಳಿಗೆ ತಕ್ಕಷ್ಟು ಇಂಧನ ಇಲ್ಲ) ಆಗ್ತಿದೆ, ಟೆಸ್ಟ್ ಹೇಗೆ?

ಪ್ರಶ್ನೆ: ಟರ್ಬೊ ಕಾರು, ಪೋರ್ಟ್ ಇಂಜೆಕ್ಷನ್. ಪಂಪ್, ಇಂಜೆಕ್ಟರ್ ಎರಡೂ ದೊಡ್ಡದು ಹಾಕಿಸಿ ಟ್ಯೂನ್ ಮಾಡಿಸಿದ್ದೇನೆ. ಐಡಲ್‌ನಲ್ಲಿ ತೊಂದರೆ ಇಲ್ಲ, ಫುಲ್ ಬೂಸ್ಟ್‌ನಲ್ಲಿ (ಟರ್ಬೊ ತುಂಬುವ ಗಾಳಿಯ ಒತ್ತಡ) ಆರ್‌ಪಿಎಂ ಏರಿದಂತೆ ವೈಡ್‌ಬ್ಯಾಂಡ್ (ಗಾಳಿ-ಇಂಧನ ಅನುಪಾತದ ಮೀಟರ್) ಲೀನ್ ತೋರಿಸುತ್ತದೆ. ಎಲ್ಲಿಂದ ನೋಡಲಿ?

ಉತ್ತರ 1: ಮೊದಲು ಬೂಸ್ಟ್ ಇಳಿಸಿ, ಹೀಗೇ ಎಳೆದರೆ ಪಿಸ್ಟನ್ ಹೋಗುತ್ತದೆ. ಆಮೇಲೆ ರೈಲ್ ಪ್ರೆಶರ್ (ಇಂಜೆಕ್ಟರ್‌ಗೆ ಬರುವ ಇಂಧನದ ಒತ್ತಡ) ಲಾಗ್ ಮಾಡಿ. ಆ ಒತ್ತಡ ಹಿಡಿದಿಡುವ ರೆಗ್ಯುಲೇಟರ್‌ಗೆ ಇಂಟೇಕ್ ಮ್ಯಾನಿಫೋಲ್ಡ್‌ನಿಂದ ಹೋಸ್ ಇದೆ ಅಲ್ವಾ? ಹಾಗಿದ್ದರೆ ಹೋಸ್ ಬಿಚ್ಚಿ ಬೇಸ್ 3 ಬಾರ್ ಇಟ್ಟಿದ್ದರೆ ಹೋಸ್ ಮತ್ತೆ ಹಾಕಿದ ಮೇಲೆ 1 ಬಾರ್ ಬೂಸ್ಟ್‌ಗೆ 4 ಬಾರ್ ಬರಲೇಬೇಕು. ಬರದೆ ಬೀಳ್ತಾ ಇದ್ದರೆ ತೊಂದರೆ ಇಂಧನ ಬರುವ ಕಡೆ, ಇಂಜೆಕ್ಟರನ್ನು ಸುಮ್ನೆ ಬೈಯಬೇಡಿ.

ಉತ್ತರ 2: ಪಂಪ್ ಕನೆಕ್ಟರ್‌ನಲ್ಲೇ ವೋಲ್ಟೇಜ್ ನೋಡಿ, ಲೋಡ್ ಇರುವಾಗ. ಹಳೇ ಸಣ್ಣ ವೈರ್‌ಗೆ ದೊಡ್ಡ ಪಂಪ್ ಜಾಸ್ತಿ ಕರೆಂಟ್ ಎಳೆದರೆ ವೋಲ್ಟೇಜ್ ಇಳಿಯುತ್ತದೆ, ಪಂಪ್ ನಿಧಾನ ಆಗುತ್ತದೆ. ದಪ್ಪ ವೈರ್, ಬೇರೆ ರಿಲೇ ಹಾಕಿಸಿ.

ಉತ್ತರ 3: ಪ್ರೆಶರ್ ಸರಿ ಇದ್ದರೆ ಮಾತ್ರ ಇಂಜೆಕ್ಟರ್ ಡ್ಯೂಟಿ (ಎಷ್ಟು ಶೇಕಡಾ ಸಮಯ ತೆರೆದಿರುತ್ತದೆ ಅಂತ) ನೋಡಿ. 85% ದಾಟಿದರೆ ಇಂಜೆಕ್ಟರ್ ಸಾಲದು ಅಂತ ಅರ್ಥ.