2147483647 ಅವಿಭಾಜ್ಯ ಅಂತ ಕೈಯಲ್ಲೇ ನೋಡೋದು ಹೇಗೆ?

ಪ್ರಶ್ನೆ (ಶಿರಸಿ): ಅಕ್ಕೋರೇ, ನಮಸ್ಕಾರ. ಮಗಳು ಪಿಯುಸಿ ಮೊದಲ ವರ್ಷ. 31 ಎರಡುಗಳನ್ನು ಗುಣಿಸಿ 1 ಕಳೆದರೆ 2147483647 ಬರುತ್ತದೆ, ಅದು ಅವಿಭಾಜ್ಯ ಸಂಖ್ಯೆ ಅಂತ ಎಲ್ಲೋ ಓದಿದ್ದಾಳೆ. ನಿನ್ನೆ ಮಳೆಗೆ ಕರೆಂಟ್ ಹೋಗಿತ್ತು. ಜಗಲಿಯಲ್ಲಿ ಕೂತು ಕ್ಯಾಲ್ಕುಲೇಟರ್ ಹಿಡಿದು 3, 7, 11 ಅಂತ ಭಾಗಿಸ್ತಾ 97ರವರೆಗೆ ಬಂದೆವು, ಯಾವುದರಿಂದಲೂ ಹೋಗಲಿಲ್ಲ. ಇನ್ನೂ ಎಲ್ಲಿವರೆಗೆ ನೋಡಬೇಕು?

ಉತ್ತರ (ನಿವೃತ್ತ ಗಣಿತ ಉಪನ್ಯಾಸಕಿ, ಕಾರವಾರ): 46340ರವರೆಗೆ ಸಾಕು, ವರ್ಗಮೂಲ ಅಷ್ಟೇ ಇರೋದು. ಆದರೂ ಅಷ್ಟರೊಳಗೆ ನಾಲ್ಕು ಸಾವಿರಕ್ಕೂ ಜಾಸ್ತಿ ಅವಿಭಾಜ್ಯಗಳಿವೆ, ಎಲ್ಲವನ್ನೂ ನೋಡ್ತಾ ಕೂತರೆ ಮಳೆಗಾಲವೇ ಮುಗಿಯುತ್ತದೆ. ನಿಮ್ಮ 97ರವರೆಗಿನ ಕೆಲಸ ಬೇಕೇ ಇರಲಿಲ್ಲ. ಯಾಕೆ ಅಂದರೆ, ಇದನ್ನು ಭಾಗಿಸುವ ಅವಿಭಾಜ್ಯ ಯಾವುದಾದರೂ ಇದ್ದರೆ ಅದರಿಂದ 1 ಕಳೆದಾಗ ಉಳಿಯೋದು 62ರಿಂದ, ಅಂದರೆ 31ರ ಎರಡರಷ್ಟರಿಂದ, ಹೋಗಲೇಬೇಕು. ಇದು ಗಣಿತಜ್ಞ ಫರ್ಮಾನ ಕಿರು ಪ್ರಮೇಯದಿಂದ ಬರುತ್ತದೆ. ಜೊತೆಗೆ, ಅದನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಬರಬೇಕು. ಈ ಎರಡೂ ಜರಡಿಯಲ್ಲಿ ಸೋಸಿದರೆ ಮೊದಲು ಸಿಗುವ ಅವಿಭಾಜ್ಯವೇ 311! ಭಾಗಿಸಿ ನೋಡಿ, ಶೇಷ 35. ಅದಾದಮೇಲೆ ನೇರ 1303, ಶೇಷ 226. ಮಧ್ಯದಲ್ಲಿ 373 ಮೊದಲ ಜರಡಿ ದಾಟುತ್ತದೆ, ಆದರೆ 8ರಿಂದ ಭಾಗಿಸಿದರೆ ಶೇಷ 5, ಹಾಗಾಗಿ ಅದನ್ನೂ ಬಿಡಬಹುದು.

1772ರಲ್ಲಿ ಗಣಿತಜ್ಞ ಆಯ್ಲರ್ ಹೀಗೇ ಮಾಡಿ ತೋರಿಸಿದ್ದು. ಆಗ ಅವರಿಗೆ ಕಣ್ಣು ಹೆಚ್ಚುಕಡಿಮೆ ಕಾಣುತ್ತಲೇ ಇರಲಿಲ್ಲ. ಪಾಠ ಮಾಡುವಾಗ ಇದನ್ನ ಹೇಳದೆ ನಾನು ಮುಂದೆ ಹೋದದ್ದೇ ಇಲ್ಲ.

ಪ್ರಶ್ನೆ (ಕುಮಟಾ): ಹಾಗಾದ್ರೆ ಎರಡರ ಘಾತದ ಜಾಗದಲ್ಲಿ ಯಾವ ಅವಿಭಾಜ್ಯ ಹಾಕಿದರೂ ಹೀಗೇ ಬರುತ್ತಾ ಮೇಡಂ?

ಉತ್ತರ: ಇಲ್ಲ. 11 ಹಾಕಿದರೆ 2047, ಅದು 23 ಗುಣಿಸು 89. ನೋಡಿ, 23 ಅಂದರೆ 22ಕ್ಕೆ 1 ಸೇರಿಸಿದ್ದು, 89 ಅಂದರೆ 88ಕ್ಕೆ 1. ಅದೇ ಜರಡಿ!

ಪ್ರಶ್ನೆ (ಶಿರಸಿ): ಅಕ್ಕೋರೇ, 2024ರಲ್ಲಿ ಸಿಕ್ಕಿದ ಇಂಥದ್ದೇ ಅವಿಭಾಜ್ಯಕ್ಕೆ ನಾಲ್ಕು ಕೋಟಿ ಅಂಕಿ ಅಂತಾಳೆ ಇವಳು. ಅದಕ್ಕೂ ಇದೇ ದಾರಿನಾ?

ಉತ್ತರ: ಅಂಕಿ ಸರಿ, 4,10,24,320, ಘಾತ 136279841. ಆದರೆ ದಾರಿ ಇದಲ್ಲ. ಅಲ್ಲಿ ಭಾಗಿಸ್ತಾ ಹೋಗೋದು ಯಾವ ಕಂಪ್ಯೂಟರಿಗೂ ಆಗದ ಕೆಲಸ. ಅದಕ್ಕೆ ಲ್ಯೂಕಾ-ಲೆಹ್ಮರ್ ಪರೀಕ್ಷೆ ಬೇಕು. 31 ತಗೊಳ್ಳಿ, ಅದು ಎರಡರ ಘಾತ 5ರಿಂದ 1 ಕಳೆದದ್ದು. 4ರಿಂದ ಶುರು ಮಾಡಿ ವರ್ಗ ಮಾಡಿ 2 ಕಳೆಯಿರಿ, 14. ಮತ್ತೆ ಹಾಗೇ, 194. 31ರಿಂದ ಭಾಗಿಸಿ, ಶೇಷ 8 ಮಾತ್ರ ಇಟ್ಟುಕೊಳ್ಳಿ. ಮತ್ತೆ ಮಾಡಿದರೆ 62, ಶೇಷ ಸೊನ್ನೆ. ಘಾತ 5, ಅದಕ್ಕೆ ಎರಡು ಕಮ್ಮಿ, ಅಂದರೆ ಮೂರನೇ ಸಲಕ್ಕೆ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. 2024ರದ್ದನ್ನೂ ಕೊನೆಗೆ ಖಚಿತ ಮಾಡಿದ್ದು ಇದರಿಂದಲೇ.

ಮಗಳಿಗೆ 127 ಕೊಡಿ, ಅಲ್ಲಿ ಘಾತ 7, ಹಾಗಾಗಿ ಐದು ಸಲ ಮಾಡಬೇಕು. 14, 67, 42, 111 ಬರುತ್ತದೆ. ಐದನೆಯದನ್ನ ಅವಳೇ ಇಲ್ಲಿ ಬರೆಯಲಿ.