ಒತ್ತಕ್ಷರ ಗೆರೆ ದಾಟುತ್ತೆ, ಅರ್ಧ ಪುಟಕ್ಕೇ ಕೈ ನೋವು: ಏನು ಮಾಡಿಸಬೇಕು?

ಪ್ರಶ್ನೆ: ಮಗ ಮೂರನೇ ಕ್ಲಾಸ್, ಕನ್ನಡ ಮಾಧ್ಯಮ. ಬಾಯಲ್ಲಿ ಉತ್ತರ ಸರಿ ಹೇಳ್ತಾನೆ, ಬರೆಯೋಕೆ ಕೂತರೆ ಕೈ ನೋವು ಅಂತಾನೆ. ಒತ್ತಿ ಬರೆದು ಹಿಂದಿನ ಹಾಳೆಗೂ ಅಚ್ಚು ಬೀಳುತ್ತೆ, ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತೆ. ಶಾಲೆಯವರು ದಿನಾ ಎರಡು ಪುಟ ಕಾಪಿ ಬರೆಸಿ ಅಂತಾರೆ. ಆಕ್ಯುಪೇಷನಲ್ ಥೆರಪಿಯಿಂದ (ಬರೆಯೋದು, ಗುಂಡಿ ಹಾಕೋದು ಥರದ ದಿನನಿತ್ಯದ ಕೆಲಸಕ್ಕೆ ತರಬೇತಿ ಕೊಡುವ ಚಿಕಿತ್ಸೆ) ಪ್ರಯೋಜನ ಇದೆಯಾ?

ಆಕ್ಯುಪೇಷನಲ್ ಥೆರಪಿಸ್ಟ್: ಇದೆ ಅಕ್ಕ. ಆದರೆ ಎರಡು ಪುಟ ಕಾಪಿ ಮೊದಲು ನಿಲ್ಲಿಸಿ. ಕೈ ಸೋತ ಮೇಲೆ ಬರೆದದ್ದೆಲ್ಲ ಕೆಟ್ಟ ಅಕ್ಷರದ್ದೇ ಅಭ್ಯಾಸ.

ತೊಡಕು ಎಲ್ಲಿದೆ ಅಂತ ನೋಡೋಕೆ ನಾಲ್ಕೈದು ಸಾಲನ್ನು ಬೇರೆ ಬೇರೆ ಹೊತ್ತಲ್ಲಿ ಬರೆಸಿ: ಪುಸ್ತಕ ನೋಡಿ, ಬೋರ್ಡ್ ನೋಡಿ, ಉಕ್ತಲೇಖನ, ಸ್ವಂತ ಮಾತು. ಬೋರ್ಡ್ ನೋಡಿ ಬರೆದದ್ದು ಮಾತ್ರ ಕೆಟ್ಟಿದ್ದರೆ ಕಣ್ಣು ತೋರಿಸಿ. ನೋಡಿ ಬರೆಯೋದು ಚೆನ್ನಾಗಿದ್ದು ಉಕ್ತಲೇಖನ ಕೆಟ್ಟರೆ ತೊಂದರೆ ಕೈಯದಲ್ಲ, ಕಾಗುಣಿತದ್ದು. ನಾಲ್ಕೂ ಒಂದೇ ಥರ ಕೆಟ್ಟಿದ್ದರೆ ಕೈಯದೇ. ಗುಂಡಿ ಹಾಕೋದು, ಬಾಟಲಿ ಮುಚ್ಚಳ ತಿರುಗಿಸೋದು, ಲೇಸ್ ಕಟ್ಟೋದೂ ನಿಧಾನವಾದರೆ ಮಕ್ಕಳ ವೈದ್ಯರಿಗೂ ತೋರಿಸಿ.

ಕೂರುವ ಕ್ರಮ: ಪಾದ ಪೂರ್ತಿ ನೆಲಕ್ಕೆ ಊರಬೇಕು, ಎಟುಕದಿದ್ದರೆ ಕೆಳಗೆ ಮಣೆ ಇಡಿ. ಮೊಣಕೈ ಮಡಿಸಿದಾಗ ಟೇಬಲ್ ಅದಕ್ಕಿಂತ 4-5 ಸೆಂ.ಮೀ. ಎತ್ತರ ಇದ್ದರೆ ಸಾಕು. ಇನ್ನೂ ಎತ್ತರವಾದರೆ ಭುಜ ಮೇಲೆದ್ದು ತೋಳು ಜಾರೋದೇ ಇಲ್ಲ, ಬೆರಳೇ ಎಲ್ಲ ಕೆಲಸ ಮಾಡಬೇಕಾಗುತ್ತೆ, ನೋವು ಬರುತ್ತೆ. ಆಫೀಸಿನ ದಪ್ಪ ಬಾಕ್ಸ್ ಫೈಲನ್ನು ದಪ್ಪ ಅಂಚು ಆಚೆಗೆ ಬರುವಂತೆ ಮಲಗಿಸಿ, ಮೇಲೆ ಪುಸ್ತಕ ಇಡಿ. 15-20 ಡಿಗ್ರಿ ಇಳಿಜಾರು ಸಿಗುತ್ತೆ, ಮಣಿಕಟ್ಟು ತಾನಾಗೇ ಹಿಂದಕ್ಕೆ ಬಾಗುತ್ತೆ. ಹಾಸಿಗೆ ಮೇಲೆ ಬೋರಲಾಗಿ ಬರೆಯೋದು ಬೇಡ.

ಒತ್ತಡಕ್ಕೆ ಕಾರ್ಬನ್ ಪೇಪರ್: ಮೂರು ಹಾಳೆ, ನಡುವೆ ಎರಡು ಕಾರ್ಬನ್. ಎರಡನೇ ಹಾಳೆಗೆ ಮಸುಕಾಗಿ ಬೀಳಬೇಕು, ಮೂರನೆಯದಕ್ಕೆ ಬೀಳಬಾರದು. 'ಮೆಲ್ಲಗೆ ಬರಿ' ಅಂದರೆ ಅವನಿಗೆ ಅಳತೆ ಗೊತ್ತಾಗಲ್ಲ, ಹಾಳೆ ತೋರಿಸಿದರೆ ಗೊತ್ತಾಗುತ್ತೆ.

ನಲಿ-ಕಲಿ (ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳ ಚಟುವಟಿಕೆ ಕಲಿಕೆ) ಶಿಕ್ಷಕಿ: ಒತ್ತಕ್ಷರದ ಬಗ್ಗೆ ಹೇಳ್ತೀನಿ. ಏಕಗೆರೆ ಪುಸ್ತಕದಲ್ಲಿ ಒತ್ತಿಗೆ ಜಾಗವೇ ಇಲ್ಲ, ಮಗುವಿನ ತಪ್ಪು ಅರ್ಧ ಮಾತ್ರ. ಇಂಗ್ಲಿಷಿನ ನಾಲ್ಕು ಗೆರೆ ಪುಸ್ತಕ ಕೊಡಿ. ಮಧ್ಯದ ಪಟ್ಟಿಯಲ್ಲಿ ಅಕ್ಷರದ ಮೈ, ಮೇಲಿನದರಲ್ಲಿ ಗುಡಿಸು, ಎತ್ವ, ಕೆಳಗಿನದರಲ್ಲಿ ಒತ್ತು, ಐತ್ವ. ಕೆಳಗಿನ ಪಟ್ಟಿಗೆ ತಿಳಿ ಹಳದಿ ಬಣ್ಣ ಬಳಿದರೆ ಎಲ್ಲಿ ನಿಲ್ಲಿಸಬೇಕು ಅಂತ ಕಣ್ಣಿಗೇ ಕಾಣುತ್ತೆ. ಬಣ್ಣ ಇಲ್ಲದೆಯೂ ಗಾತ್ರ ನಿಂತ ಮೇಲೆ ಏಕಗೆರೆಗೆ ಹೋಗಿ.

ವರ್ಣಮಾಲೆ ಕ್ರಮದಲ್ಲಿ ತಿದ್ದಿಸಬೇಡಿ. ನಲಿ-ಕಲಿಯ ಮೊದಲ ಗುಂಪು ರ, ಗ, ಸ, ದ, ಅ. ಒಂದರ ತಿರುವು ಇನ್ನೊಂದಕ್ಕೆ ಉಪಯೋಗ ಆಗುತ್ತೆ. ಒತ್ತಿನಲ್ಲೂ ಹಾಗೇ: ಹಗ್ಗ, ಅಜ್ಜ, ಗದ್ದೆ, ಅಪ್ಪ ಮೊದಲು, ಯಾಕಂದ್ರೆ ಅಲ್ಲಿ ಒತ್ತು ತಲೆಕಟ್ಟಿಲ್ಲದ ಪುಟ್ಟ ಅಕ್ಷರವೇ. ತ, ನ, ಮ, ಯ, ರ, ಲ ಇವುಗಳ ಒತ್ತಿಗೆ ಬೇರೆಯದೇ ಆಕಾರ, ಅವು ಆಮೇಲೆ. ಅರ್ಕಾವೊತ್ತು ಕೊನೆಗೆ: ಉಚ್ಚಾರದಲ್ಲಿ ಮೊದಲು, ಬರವಣಿಗೆಯಲ್ಲಿ ನಂತರ, ಅದಕ್ಕೇ 'ಸೂರ್ಯ' ಬರೆಯುವಾಗ ಮಕ್ಕಳು ತಡವರಿಸೋದು.

ಪ್ರಶ್ನೆ ಕೇಳಿದವರು: ಚಪಾತಿ ಹಿಟ್ಟು ನಾದಿಸಿ, ಜೇಡಿಮಣ್ಣು ಕೊಡಿ ಅಂತಾರಲ್ಲ, ಅದು? ಪೆನ್ಸಿಲ್ ಹಿಡಿತವನ್ನೂ ಬದಲಿಸಬೇಕಾ?

ವಿಶೇಷ ಶಿಕ್ಷಕ: ಹಿಟ್ಟು ನಾದಿದರೆ ಚಪಾತಿ ಚೆನ್ನಾಗಿ ಬರುತ್ತೆ ಮೇಡಂ, ಅಕ್ಷರ ಅಲ್ಲ. 2011ರಲ್ಲಿ ಪ್ರಕಟವಾದ ಒಂದು ವ್ಯವಸ್ಥಿತ ವಿಮರ್ಶೆ (ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದು) ಇದನ್ನೇ ಹೇಳಿತು: ಬರವಣಿಗೆಯನ್ನೇ ಅಭ್ಯಾಸ ಮಾಡಿಸದ ವಿಧಾನಗಳು ಫಲ ಕೊಡಲಿಲ್ಲ, ಮಾಡಿಸಿದವೂ 20 ಸಲಕ್ಕಿಂತ ಕಡಿಮೆ ಇದ್ದರೆ ಕೊಡಲಿಲ್ಲ. ದಿನಾ 10-15 ನಿಮಿಷ ಸಾಕು. ಎರಡು ಅಕ್ಷರ, ತಲಾ ಐದು ಸಲ. ಆಮೇಲೆ ಐದರಲ್ಲಿ ಚೆಂದದ್ದು ಯಾವುದು ಅಂತ ಅವನೇ ಸುತ್ತು ಹಾಕಲಿ. ಕೊನೆಗೆ ಆ ಅಕ್ಷರಗಳಿರುವ ಒಂದು ವಾಕ್ಯ. ಚುಕ್ಕಿ ಅಕ್ಷರದ ಮೇಲೆ ತಿದ್ದೋದಷ್ಟೇ ಮಾಡಿಸಿದರೆ ಚುಕ್ಕಿ ತೆಗೆದ ದಿನ ಅಕ್ಷರವೂ ಹೋಗುತ್ತೆ.

ಹಿಡಿತ: ಪೆನ್ಸಿಲ್ ಮಧ್ಯದ ಬೆರಳ ಮೇಲಿರಲಿ, ಉಂಗುರದ ಬೆರಳ ಮೇಲಿರಲಿ, ಎರಡೂ ನಡೆಯುತ್ತೆ. ನೋವಿದ್ದರೆ ಮಾತ್ರ ಮುಟ್ಟಿ. ಅಂಗಡಿಯ ರಬ್ಬರ್ ಗ್ರಿಪ್ ಎಲ್ಲ ಕೈಗೂ ಹೊಂದಲ್ಲ. ಕೊಳ್ಳುವ ಮುಂಚೆ ದಪ್ಪ ತ್ರಿಕೋನ ಪೆನ್ಸಿಲ್ ಕೊಟ್ಟು ನೋಡಿ.

ಆಕ್ಯುಪೇಷನಲ್ ಥೆರಪಿಸ್ಟ್: ಸರ್, ಒಪ್ಪಿದೆ, ಒಂದು ತಿದ್ದುಪಡಿ. ಹೆಬ್ಬೆರಳ ಕೀಲು ಹಿಂದಕ್ಕೆ ಮಡಿದು ಹೋಗುವ ಸಡಿಲ ಕೈ ಇದ್ದರೆ ಬಲ ಬೇಕೇ ಬೇಕು. ಬಟ್ಟೆ ಕ್ಲಿಪ್ಪು, ಸ್ಪ್ರೇ ಬಾಟಲಿ ಐದು ನಿಮಿಷ; ಆದರೆ ಬರವಣಿಗೆಯ ಬದಲಿಗಲ್ಲ, ಜೊತೆಗೆ. ಎಡಗೈ ಮಗು ಇರುವವರಿಗೆ: ಪುಸ್ತಕ ದೇಹದ ನಡುವಿಗಿಂತ ಎಡಕ್ಕೆ, ಮೇಲಿನ ಅಂಚು ಬಲಕ್ಕೆ ವಾಲಿರಲಿ, ಬೆರಳು ಮೊನೆಯಿಂದ 3 ಸೆಂ.ಮೀ. ಹಿಂದೆ, ಬೆಂಚಿನ ಎಡ ತುದಿಯಲ್ಲಿ ಕೂರಲಿ.

ವಿಶೇಷ ಶಿಕ್ಷಕ: ಕಲಿಕಾ ನ್ಯೂನತೆ ಅಂತ ಅನುಮಾನ ಇದ್ದರೆ ಪರೀಕ್ಷೆಗೆ ಇದೇ ವಯಸ್ಸು, 8 ವರ್ಷ ಅಥವಾ ಮೂರನೇ ತರಗತಿಯಿಂದ ಮಾಡ್ತಾರೆ. ಬೆಂಗಳೂರಲ್ಲಿ ನಿಮ್ಹಾನ್ಸ್‌ನಲ್ಲಿ ಸೌಲಭ್ಯ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಹೋಗುವಾಗ ಚೆಂದದ ಪುಟ ಆರಿಸಿಕೊಂಡು ಹೋಗಬೇಡಿ. ಶಾಲೆಯ ನೋಟ್‌ಬುಕ್ ಇದ್ದ ಹಾಗೇ, ಅವನು ದಿನಾ ಬಳಸುವ ಪೆನ್ಸಿಲ್, ಮೇಲೆ ಹೇಳಿದ ನಾಲ್ಕು ಥರದ ಬರವಣಿಗೆ, ಇಷ್ಟು ತಗೊಂಡು ಹೋಗಿ.